ಕೇರಿಗೆ ಸಾರದ ಸಭೆ

ಪಂಚಾಯಿತಿ ಕೆಲಸಕ್ಕೆ ಹೊಸದಾಗಿ ಸೇರಿದ ನಮ್ಮ ಕಡೆಯವರಿಬ್ಬರು ಹೋದ ತಿಂಗಳು ಮನೆಗೆ ಬಂದಿದ್ದರು. ಗ್ರಾಮಸಭೆ ಕರೆದರೆ ಜನ ಬರುವುದಿಲ್ಲ, ಬಂದರೂ ಬಾಯಿ ಬಿಡುವುದಿಲ್ಲ, ನಿಮ್ಮ ಕಾಲದಲ್ಲಿ ಹೇಗೆ ಮಾಡುತ್ತಿದ್ದಿರಿ ಸರ್ ಎಂದು ಕೇಳಿದರು. ನಾನು ಕಾಫಿ ಕೊಟ್ಟು, ನಾಲ್ಕು ಬುದ್ಧಿಮಾತು ಹೇಳಿ ಕಳಿಸಿದೆ. ಅವರು ಗೇಟು ದಾಟುತ್ತಿದ್ದಂತೆ ನಾನು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸುಳ್ಳು ಅನ್ನಿಸಿತು. ನಿವೃತ್ತನಾದವನಿಗೆ ಬುದ್ಧಿ ಹೇಳುವುದು ಎಲೆ ಅಡಿಕೆ ಮೆಲ್ಲುವಷ್ಟು ಸಲೀಸು. ನಾನು ಮಾಡಿದ ತಪ್ಪುಗಳನ್ನು ಹೇಳಿದ್ದರೆ ಅವರಿಗೆ ಕೆಲಸಕ್ಕೆ ಬರುತ್ತಿತ್ತು. ಅವನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ, ಬೀಳ್ಕೊಡುಗೆ, ಶಾಲು, ಹಾರ ಇವೆಲ್ಲ ನನಗೂ ಸಿಕ್ಕವು. ಅವುಗಳಿಂದ ಯಾರೂ ಏನೂ ಕಲಿಯುವುದಿಲ್ಲ.

ನಾನು ಹೊಳೆನರಸೀಪುರದವನು. ಐವತ್ತರ ದಶಕದ ನಡುವಿನಲ್ಲಿ ಗ್ರಾಮಸೇವಕನಾಗಿ ಸೇರಿದೆ. ಆ ಹುದ್ದೆಯ ಹೆಸರೇ ಈಗಿನವರಿಗೆ ಗೊತ್ತಿಲ್ಲ. ಹತ್ತಾರು ಹಳ್ಳಿಗೆ ಒಬ್ಬ ಗ್ರಾಮಸೇವಕ. ಒಂದು ಸೈಕಲ್ಲು, ಹೆಗಲಿಗೆ ಒಂದು ಬಟ್ಟೆ ಚೀಲ; ಚೀಲದಲ್ಲಿ ಬೀಜದ ಪೊಟ್ಟಣ, ನಿರ್ಣಯದ ಪುಸ್ತಕ, ಹೆಬ್ಬೆಟ್ಟು ಒತ್ತಿಸುವ ಶಾಯಿ ಪ್ಯಾಡು. ದೇಶದ ಯೋಜನೆ ದಿಲ್ಲಿಯಿಂದ ಇಳಿದರೆ ಸಾಲದು, ಹಳ್ಳಿಯಿಂದ ಏರಬೇಕು, ಊರಿಗೆ ಏನು ಬೇಕೆಂದು ಊರವರೇ ತೀರ್ಮಾನಿಸಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆ ಮಾತನ್ನು ನಾನು ಮನಸಾರೆ ನಂಬಿದ್ದೆ. ಈಗಲೂ ನಂಬುತ್ತೇನೆ. ನಂಬಿದ್ದರಲ್ಲಿ ತಪ್ಪಿರಲಿಲ್ಲ, ಕೇಳುವುದು ಹೇಗೆಂದು ಗೊತ್ತಿರಲಿಲ್ಲ ಅಷ್ಟೇ.

ಮೊದಲ ನೇಮಕ ಅರಕಲಗೂಡು ತಾಲ್ಲೂಕಿನಲ್ಲಿ. ನನ್ನ ತಲೆಯ ತುಂಬ ಆಗ ಗೊಬ್ಬರದ ಗುಂಡಿ. ಎಷ್ಟು ಉದ್ದ, ಎಷ್ಟು ಆಳ, ಯಾವ ಪದರದ ಮೇಲೆ ಯಾವ ಪದರ ಎಲ್ಲ ಬಾಯಿಪಾಠ. ಮೊದಲ ಸಭೆಯಲ್ಲಿ ಅರ್ಧ ಗಂಟೆ ಅದರ ಮೇಲೇ ಭಾಷಣ ಬಿಗಿದು, ಕೊನೆಗೆ ದೊಡ್ಡ ಮನಸ್ಸು ಮಾಡಿದವನಂತೆ, ನಿಮ್ಮೂರಿಗೆ ಏನು ಬೇಕೋ ಈಗ ನೀವೇ ಹೇಳಿ ಎಂದೆ. ಮುಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರು ಎದ್ದರು.

"ಗೊಬ್ಬರದ್ ಗುಂಡೀನೇ ಬೇಕು ಸಾ."

"ಊ ಸಾ, ಗುಂಡೀನೇ" ಎಂದು ಉಳಿದವರೂ ದನಿಗೂಡಿಸಿದರು. ನಾನು ಕುಣಿದಾಡುತ್ತ ಬರೆದುಕೊಂಡೆ. ಜನರೇ ಕೇಳಿದರಲ್ಲ! ಗುಂಡಿಗಳನ್ನು ತೋಡಿದರು ಕೂಡ. ಮುಂದಿನ ಮಳೆಗಾಲದಲ್ಲಿ ಅವುಗಳಲ್ಲಿ ಕಪ್ಪೆ ವಟಗುಟ್ಟಿದವೇ ಹೊರತು ಗೊಬ್ಬರ ಆಗಲಿಲ್ಲ. ಅದೇ ಮಳೆಗಾಲದಲ್ಲಿ ಅದೇ ಹಿರಿಯರ ಜೊತೆ ಊರ ಮುಂದಿನ ಹಳ್ಳ ದಾಟುತ್ತಿದ್ದೆ. ಸೊಂಟದವರೆಗೆ ನೀರು, ಹೆಗಲ ಮೇಲೆ ಸೈಕಲ್ಲು. ನಿಮಗೆ ಬೇಕಾಗಿದ್ದದ್ದು ಇಲ್ಲೊಂದು ಮೋರಿ, ಅವತ್ತು ಯಾಕೆ ಕೇಳಲಿಲ್ಲ ಎಂದೆ.

"ನೀವ್ ಗುಂಡಿ ತಂದಿದ್ರಲ್ಲ ಸಾ" ಎಂದರು ಅವರು. "ಮನೆಗ್ ಬಂದ ನೆಂಟ್ರು ಏನ್ ತಂದವ್ರೋ ಅದ್ನೇ ಈಸ್ಕಬೇಕು. ಬೇರೇದ್ ಕೇಳುದ್ರೆ ಚೆಂದಾಗಿರ್ತದಾ?"

ಅವರ ಮರ್ಯಾದೆಯನ್ನು ನಾನು ಒಪ್ಪಿಗೆ ಎಂದು ಬರೆದುಕೊಂಡಿದ್ದೆ. ಆ ದಿನ ನಕ್ಕು ಸುಮ್ಮನಾದೆ. ನಗುವಂಥ ತಪ್ಪು ಅದು. ಯಾರ ಅನ್ನಕ್ಕೂ ಅದು ಕಲ್ಲು ಹಾಕಿರಲಿಲ್ಲ. ಮುಂದಿನದು ಹಾಗಲ್ಲ.

ಎರಡು ವರ್ಷದ ಮೇಲೆ ನನ್ನನ್ನು ಶಾಂತಿಗ್ರಾಮದ ಕಡೆಗೆ ಹಾಕಿದರು. ಹಾಸನ–ಚನ್ನರಾಯಪಟ್ಟಣದ ಹೆದ್ದಾರಿಯಿಂದ ಎರಡು ಮೈಲಿ ಒಳಗಿದ್ದ ಒಂದು ಊರು. ಹೆಸರು ಬರೆಯುವುದಿಲ್ಲ, ಆ ಮನೆಗಳವರು ಈಗಲೂ ಅಲ್ಲಿದ್ದಾರೆ. ಊರಿಗೆ ರಸ್ತೆ ಇರಲಿಲ್ಲ. ಗಾಡಿ ಜಾಡು ಒಂದಿತ್ತು, ಮಳೆ ಬಿದ್ದರೆ ಅದೂ ಇಲ್ಲ. ಹೆರಿಗೆ ನೋವು ಬಂದವರನ್ನು ಹಾಸನದ ಆಸ್ಪತ್ರೆಗೆ ಒಯ್ಯಲು ಮಂಚದ ಮೇಲೆ ಹೆದ್ದಾರಿಯವರೆಗೆ ಹೊರಬೇಕಿತ್ತು. ಹಾಗಾಗಿ ರಸ್ತೆ ಬೇಕೆಂಬುದು ಈ ಸಲ ನನ್ನ ಚೀಲದಿಂದ ಬಂದ ಮಾತಲ್ಲ, ಊರಿನದೇ ಮಾತು. ಊರವರು ಶ್ರಮದಾನದಿಂದ ಮಣ್ಣು ಹಾಕಬೇಕು, ಮೋರಿಗೂ ಜಲ್ಲಿಗೂ ಸರ್ಕಾರ ಕೊಡುತ್ತದೆ ಎಂದು ಗೊತ್ತಾಯಿತು. ನಮ್ಮ ಬ್ಲಾಕಿನ ಅಭಿವೃದ್ಧಿ ಅಧಿಕಾರಿ, ಬಿ.ಡಿ.ಓ. ಸಾಹೇಬರು, ನನ್ನನ್ನು ಕರೆಸಿ, ಮಹಾನವಮಿ ಕಳೆದ ಮೇಲೆ ಕೆಲಸ ಶುರುವಾಗಬೇಕು, ಕಾರ್ತೀಕದಲ್ಲಿ ಮೇಲಿನವರೊಬ್ಬರು ಉದ್ಘಾಟನೆಗೆ ಬರುತ್ತಾರೆ ಎಂದರು. "ನಿರ್ಣಯ ಸರ್ವಾನುಮತದಿಂದ ಇರಲಿ. ತಕರಾರು ಇರೋ ಊರಿಗೆ ಮಂಜೂರಾತಿ ಸಿಗಲ್ಲ, ತಿಳೀತಾ?"

ತಿಳಿಯಿತು. ಗ್ರಾಮಸಭೆ ಸಾರಲು ಕುಳವಾಡಿ ಸಣ್ಣಯ್ಯನಿಗೆ ಹೇಳಿದೆ.

ಕುಳವಾಡಿ ಎಂದರೆ ಊರ ಚಾಕರಿಯವನು. ತಮಟೆ ಬಡಿದು ಸಾರುವುದು, ಕಂದಾಯಕ್ಕೆ ಜನರನ್ನು ಕರೆತರುವುದು, ಸಾವಿನ ಸುದ್ದಿಯನ್ನು ನೆಂಟರೂರಿಗೆ ಮುಟ್ಟಿಸುವುದು ಎಲ್ಲ ಅವನದೇ. ಇದಕ್ಕಾಗಿ ಅವನ ಹಿರೀಕರಿಗೆ ಇಪ್ಪತ್ತು ಗುಂಟೆ ಹೊಲ ಬಿಟ್ಟಿದ್ದರು, ಸುಗ್ಗಿಯಲ್ಲಿ ಮನೆ ಮನೆಯಿಂದ ಒಂದಿಷ್ಟು ಕಾಳು ಸಿಗುತ್ತಿತ್ತು. ಅದನ್ನು ಆಯ ಎನ್ನುತ್ತಿದ್ದರು. ಮನೆ ಊರಾಚೆಯ ಕೇರಿಯಲ್ಲಿ. ವಯಸ್ಸಿನಲ್ಲಿ ಅವನು ನನ್ನ ತಂದೆಯಷ್ಟಿದ್ದ, ನಾನು ಅವನನ್ನು 'ಲೋ ಸಣ್ಣಯ್ಯ' ಎಂದೇ ಕರೆಯುತ್ತಿದ್ದೆ. ಇಂದು ಬರೆಯುವಾಗ ಬಹುವಚನ ಹಾಕಿ ಅಂದಿನ ನನ್ನ ಸೊಕ್ಕನ್ನು ಮುಚ್ಚಿಡುವುದು ಬೇಡ. ಆಗ ಕರೆದಂತೆಯೇ ಬರೆಯುತ್ತೇನೆ.

ಸಭೆ ಸೇರಿದ್ದು ಬಸವಣ್ಣನ ಗುಡಿಯ ಜಗಲಿಯ ಮೇಲೆ. ಊರಿನ ಯಜಮಾನರೆಲ್ಲ ಜಗಲಿಯಲ್ಲಿ, ನಡುವೆ ಪಂಚಾಯಿತಿ ಚೇರ್ಮನ್ ಬೋರೇಗೌಡರು. ಎದುರಿನ ಹೊಂಗೆ ಮರದ ಕೆಳಗೆ ತಮಟೆ ಕಂಕುಳಿಗೆ ಏರಿಸಿಕೊಂಡು ಸಣ್ಣಯ್ಯ ಒಬ್ಬನೇ ನಿಂತಿದ್ದ. ನಮ್ಮ ಓವರ್‌ಸಿಯರ್ ಸುಬ್ಬರಾಯರು, ಮಾತು ಕಡಿಮೆ ಸಿಡುಕು ಹೆಚ್ಚು, ನಕ್ಷೆ ಬಿಡಿಸಿ ತೋರಿಸಿದರು. ರಸ್ತೆ ನೇರವಾಗಿ ಬಂದರೆ ಬೋರೇಗೌಡರ ಹೊಸ ತೆಂಗಿನ ತೋಟದ ಒಂದು ಮೂಲೆ ಹೋಗುತ್ತದೆ. ಅಲ್ಲಿ ಬಳಸಿದರೆ ಪಕ್ಕದ ಹೊಲದ ನಡು ಸೀಳುತ್ತದೆ. ಪಕ್ಕದ ಹೊಲ ಕುಳವಾಡಿಕೆಯದು.

"ಈ ಸಸಿ ಮಡಗಿ ಮೂರು ವರ್ಸ ಆಗದೆ ಸಾ, ಕೀಳಕ್ಕೆ ಮನ್ಸ್ ಬರಾಕಿಲ್ಲ" ಎಂದರು ಬೋರೇಗೌಡರು. "ಅತ್ಲಾಗ್ ಬುಡಿ. ಅದು ಊರೋರು ಬುಟ್ಟಿರೋ ಜಮೀನೇ ತಾನೆ."

ನಾನು ಗಟ್ಟಿಯಾಗಿ, ಯಾರದ್ದಾದರೂ ತಕರಾರು ಇದೆಯೇ ಎಂದೆ. ಇಲ್ಲ ಎಂಬಂತೆ ಒಂದಿಬ್ಬರು ತಲೆಯಾಡಿಸಿದರು. ಸರ್ವಾನುಮತದಿಂದ ತೀರ್ಮಾನಿಸಲಾಯಿತು ಎಂದು ಬರೆದೆ. ಅದರ ಕೆಳಗೆ ಸಹಿ ಬಲ್ಲವರು ಸಹಿ ಹಾಕಿದರು, ಉಳಿದವರು ಹೆಬ್ಬೆಟ್ಟು ಒತ್ತಿದರು. ಸಭೆ ಸಾರಿದ್ದಕ್ಕೆ ಕುಳವಾಡಿಯ ಗುರುತೂ ಇರಬೇಕೆಂದು ಮೇಲಿನಿಂದ ಸೂಚನೆ ಇತ್ತು. ಸಣ್ಣಯ್ಯನನ್ನು ಕರೆದೆ. ಅವನು ಜಗಲಿ ಹತ್ತುವಂತಿಲ್ಲ. ನಾನು ಪುಸ್ತಕವನ್ನು ಕೆಳಗಿನ ಮೆಟ್ಟಿಲ ಮೇಲಿಟ್ಟು ಹಿಂದಕ್ಕೆ ಸರಿದೆ. ಅವನು ಬಗ್ಗಿ ಒತ್ತಿದ. ಸಮಾನತೆಯ ಮೇಲೆ ತರಬೇತಿಯಲ್ಲಿ ಪ್ರಬಂಧ ಬರೆದು ಬಹುಮಾನ ಪಡೆದವನು ನಾನು. ಪುಸ್ತಕವನ್ನು ಕೈಗೆ ಕೊಡಬಹುದಿತ್ತು ಎಂದು ಅವತ್ತು ಹೊಳೆಯಲೇ ಇಲ್ಲ. ಸಾರಿದವರ ಗುರುತಿಗೆ ಬೇರೆ ಹಾಳೆ ಇರಬೇಕಿತ್ತು. ಅದೂ ಹೊಳೆಯಲಿಲ್ಲ.

ಕೆಲಸ ಶುರುವಾಯಿತು. ಮನೆಗೊಂದು ಆಳು, ಗುದ್ದಲಿ, ಮಂಕರಿ. ಬೆಳಿಗ್ಗೆ ಸಣ್ಣಯ್ಯ ತಮಟೆ ಬಡಿದರೆ ಊರೇ ಹೊರಡುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಆ ದಿನಗಳು ತುಂಬ ಚೆನ್ನಾಗಿದ್ದವು. ಮಣ್ಣು ಹೊರುವವರ ಹಾಡು, ನಡುವೆ ಮಜ್ಜಿಗೆ, ಪಾನಕ. ಬೋರೇಗೌಡರೇ ಪಂಚೆ ಎತ್ತಿ ಕಟ್ಟಿ ಮಣ್ಣು ಹೊತ್ತರು. ಮೂರನೆಯ ವಾರ ಕೆಲಸ ಸಣ್ಣಯ್ಯನ ಹೊಲದ ಬದುವಿಗೆ ಬಂತು. ರಾಗಿ ತೆನೆ ಕಟ್ಟಿ ಇನ್ನೂ ಹಸಿರು ಹಸಿರಾಗಿತ್ತು. ಸುಬ್ಬರಾಯರು ಹಿಂದಿನ ದಿನವೇ ಗೂಟ ಹೊಡೆಸಿದ್ದರು. ಬೆಳಿಗ್ಗೆ ಹೋದಾಗ ಮೊದಲ ಗೂಟದ ಮೇಲೆ ಒಬ್ಬ ಹೆಂಗಸು ಸೆರಗು ಬಿಗಿದು ಕುಳಿತಿದ್ದಳು. ಸಣ್ಣಯ್ಯನ ಹೆಂಡತಿ ದ್ಯಾವಮ್ಮ. ಸಣ್ಣಯ್ಯ ಸ್ವಲ್ಪ ದೂರದಲ್ಲಿ ತಮಟೆ ಹಿಡಿದು ನೆಲ ನೋಡುತ್ತಿದ್ದ.

"ಯಾರ್ ಒಪ್ಪುದ್ರು ಸಾ, ನಮ್ ವಲ ಕೊಡಾಕೆ?" ಎಂದಳು.

"ಸಭೆ ಆಗಿದೆಯಮ್ಮ. ಊರೆಲ್ಲ ಒಪ್ಪಿದೆ" ಎಂದೆ.

"ಊರ್ ಒಪ್ತದೆ, ಅದುಕ್ಕೇನು. ನಾವ್ ಒಪ್ಪುದ್ವಾ?"

ನನಗೆ ಸಿಟ್ಟು ಬಂತು. ಹತ್ತಾರು ಜನ ಗುದ್ದಲಿ ಊರಿ ನೋಡುತ್ತಿದ್ದರು. ಚೀಲದಿಂದ ಪುಸ್ತಕ ತೆಗೆದು, ಹಾಳೆ ತಿರುವಿ, ಕೊನೆಯ ಗುರುತಿನ ಮೇಲೆ ಬೆರಳಿಟ್ಟು, "ಇದು ನಿನ್ನ ಗಂಡನದೇ ಹೆಬ್ಬೆಟ್ಟು. ಒಪ್ಪಿದವರ ಸಾಲಿನಲ್ಲೇ ಇದೆ" ಎಂದೆ. ನ್ಯಾಯ ಗೆದ್ದ ವಕೀಲನ ದನಿ ನನ್ನದು.

ದ್ಯಾವಮ್ಮ ಗಂಡನ ಕಡೆ ತಿರುಗಿದಳು. "ಒತ್ತುದ್ಯಾ?"

"ಒತ್ತುದ್ದೆ" ಎಂದ ಸಣ್ಣಯ್ಯ. "ಸಾರಿದ್ದೀನಿ ಅಂತ ಒತ್ತುದ್ದೆ ಕಣಮ್ಮಿ. ಕೊಟ್ಟಿದ್ದೀನಿ ಅಂತ ಅಲ್ಲ."

ಪುಸ್ತಕ ನನ್ನ ಕೈಯಲ್ಲಿ ಹಾಗೇ ಉಳಿಯಿತು. ಒಂದೇ ಹಾಳೆ, ಒಂದೇ ಸಾಲು. ಓದಲು ಬಾರದವನ ಬೆರಳಿಗೆ ಅವನು ಹೇಳದ ಮಾತನ್ನು ನಾನು ಕಟ್ಟಿದ್ದೆ. ಆದರೂ ಸೋಲೊಪ್ಪದೆ ಇನ್ನೊಂದು ಕೇಳಿದೆ: ಸಭೆ ಸಾರಿದ ಮೇಲೆ ಕೇರಿಯವರು ಬಂದು ಹೇಳಬಹುದಿತ್ತಲ್ಲ, ಒಬ್ಬರೂ ಯಾಕೆ ಬರಲಿಲ್ಲ?

"ಕೇರಿಗ್ ಸಾರಿಲ್ವಲ್ಲ ಸಾ" ಎಂದ ಸಣ್ಣಯ್ಯ, ನನ್ನ ತಿಳಿಗೇಡಿತನಕ್ಕೆ ತಾನೇ ನಾಚಿದವನಂತೆ. "ಕೇರಿಗ್ ಯಾವತ್ ಸಾರವ್ರೆ? ಊರ್ ಬೀದಿ ಮೂರೂ ಸಾರು ಅಂದ್ರಿ, ಸಾರ್ದೆ. ನಂಗ್ ನಾನೇ ಸಾರ್ಕಳಾದಾ?"

ಆ ಊರಿನಲ್ಲಿ ವರ್ಷಕ್ಕೂ ಹೆಚ್ಚು ಕಾಲ ಸಭೆ ನಡೆಸಿದ್ದೆ. ಪ್ರತಿ ಸಲವೂ 'ತಮಟೆ ಸಾರಿಸಲಾಗಿದೆ' ಎಂದು ಬರೆದಿದ್ದೆ. ತಮಟೆ ಬಡಿಯುವವನ ಮನೆಯ ಮುಂದೆಯೇ ಆ ತಮಟೆ ಒಮ್ಮೆಯೂ ಮೊಳಗಿರಲಿಲ್ಲ ಎಂಬುದನ್ನು ನಾನು ಗಮನಿಸಿರಲಿಲ್ಲ. ಊರವರಿಗೆ ಅದು ವಿಚಿತ್ರವಾಗಿ ಕಂಡಿರಲಿಲ್ಲ, ಕೇರಿಯವರಿಗೂ ಕಂಡಿರಲಿಲ್ಲ. ಹೊರಗಿನಿಂದ ಬಂದ ನನಗಾದರೂ ಕಾಣಬೇಕಿತ್ತು. ಅದಕ್ಕೇ ನನಗೆ ಸಂಬಳ ಕೊಡುತ್ತಿದ್ದದ್ದು.

ಅವತ್ತು ಕೆಲಸ ನಿಲ್ಲಿಸಿದೆ. ಬಿ.ಡಿ.ಓ. ಸಾಹೇಬರ ಮುಂದೆ ನಿಂತು ನಡೆದದ್ದೆಲ್ಲ ಹೇಳಿದೆ. ಅವರು ಕೆಟ್ಟವರಲ್ಲ, ಹೆದರಿದವರು. ಮೇಲಿನಿಂದ ಅವರಿಗೆ ದಿನವೂ ಕಾಗದ ಬರುತ್ತಿತ್ತು.

"ಸರ್ವಾನುಮತ ಅಂತ ಬರೆದೋನು ಯಾರಯ್ಯಾ?"

"ನಾನೇ ಸರ್."

"ಈಗ ಸುಳ್ಳು ಅಂತೀಯ. ಸುಳ್ಳು ದಾಖಲೆ ಬರೆದೋನಿಗೆ ಏನಾಗುತ್ತೆ ಗೊತ್ತಾ? ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ. ಸುಮ್ಮನೆ ಹೋಗಿ ರಸ್ತೆ ಮುಗಿಸು. ಇಪ್ಪತ್ತು ಗುಂಟೆಗೆ ಒಂದು ಊರಿನ ರಸ್ತೆ ನಿಲ್ಲಿಸ್ತಾರೇನಯ್ಯಾ ಯಾರಾದ್ರೂ?"

ಮೂರು ದಿನ ನಾನು ಸುಮ್ಮನಿದ್ದೆ. ಇದನ್ನು ಮುಚ್ಚಿಡಬಾರದು. ಹೊಳೆನರಸೀಪುರದ ಮನೆಗೆ ಹೋಗಿ, ಜ್ವರ ಎಂದು ಹೇಳಿ ಮಲಗಿದೆ. ತಂಗಿಯ ಮದುವೆ ಮಾತುಕತೆ ನಡೆದಿತ್ತು, ಮನೆಯಲ್ಲಿ ದುಡಿಯುವವನು ನಾನೊಬ್ಬನೇ. ಸಾಹೇಬರ ಮಾತಿನಲ್ಲಿ ನ್ಯಾಯವೂ ಇದೆ ಎನ್ನಿಸಿತು. ಎಷ್ಟು ಹೆರಿಗೆ, ಎಷ್ಟು ಕಾಯಿಲೆ, ಎಲ್ಲರಿಗೂ ರಸ್ತೆ ಬೇಕು. ಒಬ್ಬನ ಹೊಲ ತಾನೆ? ಹೀಗೆ ಲೆಕ್ಕ ಹಾಕುವಾಗ ಪ್ರತಿ ಸಲವೂ ಆ ಒಬ್ಬನೇ ಯಾಕೆ ಸಿಗುತ್ತಾನೆ, ತೆಂಗಿನ ಸಸಿಯವರು ಯಾಕೆ ಸಿಗುವುದಿಲ್ಲ ಎಂಬ ಪ್ರಶ್ನೆ ಮಾತ್ರ ಮಗ್ಗುಲು ಬದಲಿಸಿದರೂ ಬಿಡಲಿಲ್ಲ.

ನಾಲ್ಕನೆಯ ದಿನ ಸುಬ್ಬರಾಯರ ಮನೆಗೆ ಹೋದೆ. ಅವರು ಬೀಡಿ ಹಚ್ಚಿ ಪೂರ್ತಿ ಕೇಳಿಸಿಕೊಂಡರು. "ನಕ್ಷೆ ನಂದು. ಒಂದು ಗಂಟೇಲಿ ಇನ್ನೊಂದು ಗೆರೆ ಎಳೀತೀನಿ" ಎಂದರು. "ಸಭೆ ನಿಂದು. ಅದನ್ನ ನಾನು ಎಳೆಯೋಕಾಗಲ್ಲ. ಇನ್ನೊಂದ್ಸಲ ಮಾಡು. ಈ ಸಲ ಗುಡೀಲಿ ಬೇಡ ಕಣಯ್ಯಾ, ಗೂಟ ಇರೋ ಜಾಗದಲ್ಲೇ ಮಾಡು. ನೆಲದ ಮಾತು ನೆಲದ ಮೇಲೆ ನಿಂತೇ ಆಗಬೇಕು." ನನ್ನ ಇಡೀ ಸೇವಾವಧಿಯಲ್ಲಿ ಯಾವ ಸುತ್ತೋಲೆಯೂ ಇದಕ್ಕಿಂತ ಒಳ್ಳೆಯ ಮಾತನ್ನು ಹೇಳಲಿಲ್ಲ. ಅಂದಿನಿಂದ ಜಾಗದ ಪ್ರಶ್ನೆ ಬಂದರೆ ಜಗಲಿಯಲ್ಲಿ ಸಭೆ ಮಾಡುವುದನ್ನು ನಾನು ಬಿಟ್ಟೆ.

ಸಣ್ಣಯ್ಯನಿಗೆ ಊರಿನಲ್ಲೂ ಕೇರಿಯಲ್ಲೂ ಸಾರಬೇಕೆಂದು ಹೇಳಿದೆ. ಅವನು ಒಲ್ಲೆ ಎಂದ. ನಾನೂ ಜೊತೆಗೆ ಬರುತ್ತೇನೆ ಎಂದ ಮೇಲೆ ಹೊರಟ. ಕೇರಿಯ ಬಾಯಲ್ಲಿ ತಮಟೆ ಮೊಳಗಿತೋ ಇಲ್ಲವೋ, ಹೆಂಗಸರು ಮಾಡುತ್ತಿದ್ದ ಕೆಲಸ ಬಿಟ್ಟು ಓಡಿ ಬಂದರು. "ಯಾರ್ ಓದ್ರಣ್ಣೋ? ಯಾವ್ ಮನೇಲಿ?" ಅಲ್ಲಿ ತಮಟೆ ಕೇಳುತ್ತಿದ್ದದ್ದು ಮಾರಿ ಹಬ್ಬಕ್ಕೆ, ಇಲ್ಲವೇ ಸಾವಿಗೆ. ಯಾರೂ ಸತ್ತಿಲ್ಲ, ಸಭೆ ಇದೆ, ನೀವೂ ಬರಬೇಕಂತೆ ಎಂದು ಸಣ್ಣಯ್ಯ ತಡವರಿಸುತ್ತ ಹೇಳಿದಾಗ ಕೇರಿಯೇ ನಕ್ಕಿತು. ನಾನೂ ನಕ್ಕೆ.

ಮರುದಿನ ರಾಗಿ ಹೊಲದ ಬದುವಿನ ಮೇಲೆ ಸಭೆ. ಗೂಟಗಳ ಒಂದು ಮಗ್ಗುಲಿಗೆ ಊರವರು, ಇನ್ನೊಂದು ಮಗ್ಗುಲಿಗೆ ಕೇರಿಯವರು. ಬೋರೇಗೌಡರಿಗೆ ಇದೆಲ್ಲ ಹಿಡಿಸಿರಲಿಲ್ಲ, ಆದರೂ ಬಂದರು. ಹೊಟ್ಟೆಗೆ ಹೊಡೆಯುವ ಮನುಷ್ಯರೇನಲ್ಲ. ತಾವೇ ಮೊದಲು ಮಾತು ತೆಗೆದರು.

"ನಮ್ಮೂರಲ್ಲಿ ಯಾರ್ಗೂ ಅನ್ಯಾಯ ಆಗದು ಬ್ಯಾಡ. ಸಣ್ಣಯ್ಯಂಗೆ ಬದ್ಲಿ ಕೊಡಾನ. ಕಲ್ಲುಬೋರೆ ತಾವ ಊರ್ ಜಮೀನು ಬಿದ್ದದೆ. ಇಪ್ಪತ್ತಕ್ಕೆ ನಲವತ್ ಗುಂಟೆ ಕೊಡಾನ. ಏನಂತೀರಿ?"

ಸರಿ ಸರಿ ಎಂದು ಊರೆಲ್ಲ ಹೇಳಿತು. ಕೇರಿಯ ಒಂದಿಬ್ಬರೂ ತಲೆಯಾಡಿಸಿದರು. ನನಗೆ ಹೋದ ಜೀವ ಬಂತು. ಇಷ್ಟು ಸುಲಭವೇ! ಪೆನ್ನು ಆಗಲೇ 'ಸರ್ವಾ' ಎಂದು ಬರೆದಿತ್ತು. ಆದರೂ ಹಾಳೆಯಿಂದ ತಲೆಯೆತ್ತಿ, ಗೂಟಗಳ ಆಚೆ ನೋಡಿ, "ಸಣ್ಣಯ್ಯ, ನೀನೇನಂತೀಯ?" ಎಂದೆ.

"ಒಪ್ಪಾಕಿಲ್ಲ ಸಾ."

"ಏನ್ಲಾ ಅಂದೆ?" ಎಂದರು ಬೋರೇಗೌಡರು.

"ಒಪ್ಪಾಕಿಲ್ಲ ಬುದ್ಧಿ. ಕಲ್ಲುಬೋರೇಲಿ ಉಳ್ಳಿಕಾಳೂ ಬೆಳ್ಯಾಕಿಲ್ಲ, ನಿಮ್ಗೂ ಗೊತ್ತು. ಈ ಮಣ್ಣು ನಮ್ಮಪ್ಪ, ನಮ್ ತಾತ ಗೊಬ್ಬರ ಒತ್ತು ಒತ್ತು ಮಾಡಿರೋದು. ರಸ್ತೆ ಬ್ಯಾಡ ಅನ್ನಾಕಿಲ್ಲ. ಬದುವಿನ್ ಮ್ಯಾಲ್ ಬರ್ಲಿ. ನಂದೂ ಮೂರು ಸಾಲು ಓಗ್ಲಿ, ನಿಮ್ದೂ ನಾಕು ಸಸಿ ಓಗ್ಲಿ." ಉಸಿರು ಎಳೆದುಕೊಂಡು ಮುಂದುವರಿಸಿದ. "ಇಷ್ಟು ವರ್ಸ ಊರಿನ್ ಮಾತ್ನೆಲ್ಲ ನಾನು ಸಾರಿದ್ದೀನಿ. ಇದೊಂದ್ ನಂದು."

ಬೋರೇಗೌಡರು ಟವೆಲ್ಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಹೊರಟರು. ಅವರ ಹಿಂದೆ ಅರ್ಧ ಊರು ಹೊರಟಿತು. ನಾನು 'ಸರ್ವಾ' ಎಂಬುದನ್ನು ಹೊಡೆದು ಹಾಕಿ, ಹೊಲದ ಯಜಮಾನ ಒಪ್ಪಲಿಲ್ಲ, ಬದುವಿನ ಮೇಲೆ ರಸ್ತೆ ಬರಲಿ ಎಂದ, ಚೇರ್ಮನ್ನರು ಅದಕ್ಕೆ ಒಪ್ಪದೆ ಎದ್ದು ಹೋದರು ಎಂದು ನಡೆದದ್ದನ್ನು ನಡೆದಂತೆ ಬರೆದೆ. ಹಳೆಯ ಹಾಳೆಯ ಅಂಚಿನಲ್ಲಿ, ಕೊನೆಯ ಹೆಬ್ಬೆಟ್ಟು ಸಭೆ ಸಾರಿದ್ದಕ್ಕೆ ಮಾತ್ರ, ತಪ್ಪು ನನ್ನದು ಎಂದು ಬರೆದು ಸಹಿ ಹಾಕಿದೆ.

"ಇದೇನು ನಿರ್ಣಯವೋ, ಬೀದಿ ಜಗಳವೋ?" ಎಂದು ಸಾಹೇಬರು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು. ಆದರೆ ಬರೆದದ್ದನ್ನು ಹರಿಯಲಿಲ್ಲ. ಅಷ್ಟರ ಮಟ್ಟಿಗೆ ಅವರನ್ನು ನೆನೆಯಬೇಕು. ಉದ್ಘಾಟನೆಗೆ ಬಂದ ಮೇಲಿನವರು ಹೆದ್ದಾರಿಯ ತುದಿಯಲ್ಲಿ ರಿಬ್ಬನ್ ಕತ್ತರಿಸಿ, ಹೊಸ ರಸ್ತೆಯಲ್ಲಿ ನೂರು ಹೆಜ್ಜೆ ನಡೆದು, ಎಳನೀರು ಕುಡಿದು ಕಾರು ಹತ್ತಿದರು. ಮುಂದೆ ಹೋಗಿದ್ದರೆ ರಸ್ತೆ ರಾಗಿ ಹೊಲದ ಮುಂದೆ ನಿಂತದ್ದು ಕಾಣುತ್ತಿತ್ತು. ಅಷ್ಟು ದೂರ ನಡೆಯುವ ಅಭ್ಯಾಸ ಅವರಿಗೆ ಇರಲಿಲ್ಲ. ವಾರದೊಳಗೆ ನನಗೆ ಚನ್ನರಾಯಪಟ್ಟಣದ ಆಚೆ, ನುಗ್ಗೇಹಳ್ಳಿ ಕಡೆಗೆ ವರ್ಗವಾಯಿತು.

ಹೊಸಬರಿಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿದೆ. ಜನ ಬಾಯಿ ಬಿಟ್ಟು ಮಾತಾಡಲಿ ಎನ್ನುತ್ತೀರಿ, ಒಳ್ಳೆಯದು. ಸಭೆ ಮುಗಿದ ಮೇಲೆ ನೀವು ಗಾಡಿ ಹತ್ತುತ್ತೀರಿ. ನಾನು ಸೈಕಲ್ಲು ಹತ್ತಿದೆ. ವರ್ಗವಾದರೂ ನನ್ನ ಸಂಬಳ ನಿಲ್ಲಲಿಲ್ಲ. ಸಣ್ಣಯ್ಯ ಮಾತ್ರ ಅದೇ ಊರಿನಲ್ಲಿ, ಅದೇ ಬೀದಿಗಳಲ್ಲಿ ಮರುದಿನ ಬೆಳಿಗ್ಗೆ ತಮಟೆ ಹಿಡಿದು ಹೋಗಬೇಕಿತ್ತು. ನಿರ್ಣಯದ ಪುಸ್ತಕದಲ್ಲಿ ಮರುದಿನದ ಕಾಲಂ ಇರುವುದಿಲ್ಲ.

ಮರುದಿನ ಏನಾಯಿತು ಎಂದು ನನಗೆ ತಿಳಿದದ್ದು ಬೇಸಿಗೆಯಲ್ಲಿ. ಹಾಸನಕ್ಕೆ ಹೊರಟವನು ಮನಸ್ಸು ತಡೆಯದೆ ಹೆದ್ದಾರಿಯಲ್ಲಿ ಬಸ್ಸಿಳಿದು ಊರ ಕಡೆ ನಡೆದೆ. ರಸ್ತೆ ಪೂರ್ತಿಯಾಗಿತ್ತು. ಬದುವಿನ ಮೇಲೆಯೇ ಬಂದಿತ್ತು. ಬೋರೇಗೌಡರ ಹಳೆಯ ತೋಟದ ತೆಂಗಿನಕಾಯಿ ಕೊಳ್ಳುವ ಸಾಹುಕಾರರ ಲಾರಿ ಹೊಲದವರೆಗೆ ಬಂದು ಎರಡು ಸಲ ಹಿಂದಿರುಗಿ ಹೋಗಿತ್ತಂತೆ. ಮೂರನೆಯ ಸಲ ಗೌಡರೇ ಸುಬ್ಬರಾಯರಿಗೆ ಹೇಳಿ ಕಳಿಸಿ, ನಾಲ್ಕು ಸಸಿ ಕೀಳಿಸಿ ಬೇರೆ ಕಡೆ ನೆಡಿಸಿದ್ದರು. ಅದರಲ್ಲಿ ಮೂರು ಚಿಗುರಿದ್ದವು.

ಸಣ್ಣಯ್ಯ, ದ್ಯಾವಮ್ಮ ಹೊಲದಲ್ಲಿ ಕೂಳೆ ಕೀಳುತ್ತಿದ್ದರು. ನಾನು ಬದುವಿನ ಮೇಲೆ ಕುಳಿತೆ. ಆ ಸುಗ್ಗಿಯಲ್ಲಿ ಊರಿನ ಹೆಚ್ಚಿನ ಮನೆಗಳು ಅವರಿಗೆ ಆಯ ಕೊಟ್ಟಿರಲಿಲ್ಲ. ಕುಳವಾಡಿ ಗೌಡರಿಗೆ ಎದುರಾಡಿದ ಎಂಬ ಸಿಟ್ಟು. ಕೇಳಿ ನನಗೆ ಕುಳಿತ ನೆಲ ಬಿಸಿಯಾಯಿತು.

"ಮತ್ತೆ ಊಟಕ್ಕೆ ಏನು ಮಾಡಿದಿರಿ?"

"ವಲ ಇತ್ತಲ್ಲ ಸಾ, ಉಂಡ್ವಿ" ಎಂದಳು ದ್ಯಾವಮ್ಮ. "ಅದೂ ಓಗಿದ್ರೆ ಊರ್ ಬುಡಬೇಕಾಗಿತ್ತು."

ನನ್ನಿಂದ ತಡೆಯಲಾಗಲಿಲ್ಲ. "ಸಣ್ಣಯ್ಯ, ಅವತ್ತು ಎಲ್ಲರ ಮುಂದೆ ನಿನ್ನ ಕೇಳಿ ನಿನ್ನನ್ನ ಕಷ್ಟಕ್ಕೆ ಸಿಕ್ಕಿಸಿದೆನೇನೋ" ಎಂದೆ.

"ಕೇಳುದ್ದು ಸರಿಯಾಗೇ ಅದೆ ಸಾ."

"ಅಷ್ಟು ಜನರ ಮುಂದೆ ನಿನಗೆ ಬಾಯಿ ಬಂತಲ್ಲ, ನನಗೆ ಅದೇ ಸಂತೋಷ" ಎಂದೆ. ಆ ಮಾತಿನೊಳಗೆ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವುದೂ ಇತ್ತು. ಬಾಯಿಲ್ಲದವನಿಗೆ ಬಾಯಿ ಕೊಟ್ಟೆ ಎಂದು ಆರು ತಿಂಗಳಿಂದ ಒಳಗೊಳಗೇ ಬೀಗುತ್ತಿದ್ದೆ.

ಸಣ್ಣಯ್ಯ ಕೂಳೆಯ ಮಣ್ಣು ಕೊಡವಿ ಪಕ್ಕಕ್ಕಿಟ್ಟು ನನ್ನ ಮುಖ ನೋಡಿದ. ಸಿಟ್ಟೇನೂ ಇರಲಿಲ್ಲ.

"ಬಾಯ್ಗೇನಾಗಿತ್ತು ಸಾ ನಂಗೆ? ಊರ್ ತುಂಬ ಕೂಗೋನು ನಾನು. ಮೊದಲ್ನೇ ಸಭೇಲೂ ಅಲ್ಲೇ ನಿಂತಿದ್ದೆ. ತಕರಾರು ಯಾರ್ದಾದ್ರೂ ಅದಾ ಅಂತ ಜಗಲಿ ಕಡೀಕೇ ನೋಡ್ಕಂಡು ಕೇಳುದ್ರಿ. ಒಂದ್ಸಲ ಈ ಕಡೀಕ್ ತಿರುಗಿ ಕೇಳಿದ್ರೆ ಅವತ್ತೇ ಯೋಳ್ತಿದ್ದೆ."